ತುಪ್ಪ ಸಂತೆಗೆ, ಮಜ್ಜಿಗೆ ಮನೆಗೆ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆ ಯಾರದಾದರೂ ರಕ್ತಪರೀಕ್ಷೆಯ ಚೀಟಿಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಎಂದು ಬಂದರೆ ಮನೆಯ ಹಿರಿಯರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ. ನಮ್ಮ ಅಜ್ಜ ಬಟ್ಟಲುಗಟ್ಟಲೆ ತುಪ್ಪ ಉಂಡ, ಎಂಬತ್ತು ದಾಟಿ ಬದುಕಿದ. ಈ ರೋಗ ಬಂದದ್ದೇ ಊಟ ಕೆಟ್ಟ ಮೇಲೆ, ಮೈ ಬಗ್ಗಿಸುವುದು ಬಿಟ್ಟ ಮೇಲೆ. ಹಳೆಯ ಊಟಕ್ಕೆ ಮರಳು, ಬೆಳಿಗ್ಗೆ ಎದ್ದು ನಡಿ, ತಾನಾಗಿ ಕರಗುತ್ತದೆ. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಅದರ ಹಿಂದೆ ಕಣ್ಣಾರೆ ಕಂಡದ್ದಿದೆ. ಕುಮರಿ ಬೇಸಾಯ ಮಾಡಿ, ಗಡ್ಡೆಗೆಣಸು ಅಗೆದು ಬದುಕಿದ ಜೋಯಿಡಾದ ಕುಣಬಿಗಳು, ಎಮ್ಮೆಗಳ ಹಿಂದೆ ದಿನವಿಡೀ ಕಾಡು ಸುತ್ತಿದ ಗೌಳಿಗಳು, ಕಾಡಿನ ಕೂಲಿಯಲ್ಲಿ ಬೆನ್ನು ಸವೆಸಿದ ಸಿದ್ದಿಗಳು, 1966ರಿಂದ ಮುಂಡಗೋಡದಲ್ಲಿ ನೆಲೆ ನಿಂತು ಬೆಣ್ಣೆ-ಉಪ್ಪಿನ ಚಹಾದ ರೂಢಿಯನ್ನು ಜೊತೆಗೆ ತಂದ ಟಿಬೆಟನ್ನರು: ಇವರಲ್ಲಿ ಹಿಡಿ ಬೊಜ್ಜಿಲ್ಲದ ಮುದುಕರನ್ನು ನೋಡಿದವರಿಗೆ ಬೇರೆ ಪುರಾವೆ ಬೇಕೆನಿಸುವುದಿಲ್ಲ. ಅಜ್ಜನ ಮಾತಿನಲ್ಲಿ ಸತ್ಯದ ತುಣುಕುಗಳಿವೆ. ಆದರೆ ಅವು ಬೇಡದ ಜಾಗದಲ್ಲಿ ಜೋಡಣೆಯಾಗಿವೆ. ಹಾಗಾಗಿಯೇ ಆ ಮಾತನ್ನು ನಂಬಿದವನಿಗೆ ಆರು ತಿಂಗಳ ನಂತರವೂ ಚೀಟಿಯಲ್ಲಿ ಅದೇ ಅಂಕಿ ಕಾಣುತ್ತದೆ.

ಬಿಡಿಸಿ ನೋಡಿದರೆ ಈ ನಂಬಿಕೆಯಲ್ಲಿ ಮೂರು ಬೇರೆಬೇರೆ ಹೇಳಿಕೆಗಳಿವೆ.

1. ಹಿಂದಿನವರು ಹಾಲು-ಬೆಣ್ಣೆ-ತುಪ್ಪವನ್ನು ಧಾರಾಳವಾಗಿ ತಿನ್ನುತ್ತಿದ್ದರು.

2. ಆದರೂ ಅವರ ಎದೆ ಗಟ್ಟಿಯಾಗಿತ್ತು, ಏಕೆಂದರೆ ದುಡಿಮೆ ಆ ಕೊಬ್ಬನ್ನು ಕರಗಿಸುತ್ತಿತ್ತು.

3. ಹಾಗಾದ್ದರಿಂದ ಅದೇ ಊಟ, ಜೊತೆಗೆ ಒಂದಿಷ್ಟು ನಡಿಗೆ, ಇವತ್ತಿನವರಿಗೂ ಸಾಕು.

ಮೊದಲನೆಯದರಿಂದ ಹಿಡಿಯೋಣ. ಈ ಸೀಮೆಯಲ್ಲಿ ತುಪ್ಪವೆಂದರೆ ಮೊದಲು ನೆನಪಾಗುವವರು ಗೌಳಿಗಳು. ಪಶ್ಚಿಮ ಘಟ್ಟದ ಗೌಳಿ ಧನಗರರ ಜೀವನಕ್ರಮವನ್ನು ಮಾಧವ ಗಾಡ್ಗೀಳ ಮತ್ತು ಕೆ.ಸಿ. ಮಲ್ಹೋತ್ರ 1980ರ ದಶಕದ ಆರಂಭದಲ್ಲಿ ವಿವರವಾಗಿ ಬರೆದರು. ಅವರು ಕಂಡ ರೂಢಿ ಹೀಗಿತ್ತು: ಎಮ್ಮೆಯ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆಯನ್ನು ಕಣಿವೆಯ ರೈತರಿಗೆ ಕೊಟ್ಟು ಬದಲಿಗೆ ಧಾನ್ಯ ತರುವುದು, ಮನೆಯವರಿಗೆ ಉಳಿಯುವುದು ಮಜ್ಜಿಗೆ. ಎಮ್ಮೆ ಕಟ್ಟಿದವನಿಗೆ ಬೆಣ್ಣೆಯೆಂಬುದು ರೊಕ್ಕದ ಜಾಗದಲ್ಲಿದ್ದ ವಸ್ತು, ಊಟದ ವಸ್ತುವಲ್ಲ. ಕೊಬ್ಬೆಲ್ಲ ಸಂತೆಗೆ ಹೋಯಿತು, ಕೊಬ್ಬು ತೆಗೆದ ಹಾಲು ಹಟ್ಟಿಯಲ್ಲಿ ಉಳಿಯಿತು. ಕೂಲಿ ಮಾಡುವ ಮನೆಗಳಲ್ಲಿ ತುಪ್ಪ ಹಬ್ಬಕ್ಕೆ, ಬಾಣಂತಿಗೆ, ದೀಪಕ್ಕೆ. ಹಾಗಾದರೆ ಬಟ್ಟಲುಗಟ್ಟಲೆ ಉಂಡ ಅಜ್ಜ ಯಾರು? ಹೊಲ ಇದ್ದವನು, ಹಯನ ಇದ್ದವನು, ಊರಿನಲ್ಲಿ ಅಂಥವರು ಕೆಲವೇ ಮನೆಯವರು. ಆ ಕೆಲವರ ನೆನಪು ಊರಿಗೆಲ್ಲ ಹಬ್ಬಿ, ತುಪ್ಪದ ವಾಸನೆಯನ್ನಷ್ಟೇ ಕಂಡವರ ಮೊಮ್ಮಕ್ಕಳೂ ಇವತ್ತು ಅದನ್ನೇ ತಮ್ಮ ಮನೆತನದ ಚರಿತ್ರೆ ಎಂದು ಹೇಳುತ್ತಾರೆ.

ಈಗಿನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ. ಎಮ್ಮೆ ಹಾಲಿನಲ್ಲಿ ಕೊಬ್ಬು ನೂರಕ್ಕೆ ಆರೇಳು ಪಾಲು. 200 ಮಿ.ಲೀ. ಲೋಟವೊಂದರಲ್ಲಿ ಸುಮಾರು 13 ಗ್ರಾಂ ಕೊಬ್ಬು, ಅದರಲ್ಲಿ ಹತ್ತಿರಹತ್ತಿರ 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಚಳಿಗೆ ಹೆಪ್ಪುಗಟ್ಟುವ ಜಾತಿಯದು. ದಿನಕ್ಕೆ 2000 ಕ್ಯಾಲರಿ ಉಣ್ಣುವವನಿಗೆ ಈ ಗಟ್ಟಿ ಕೊಬ್ಬು 22 ಗ್ರಾಂ ಮೀರಬಾರದು ಎಂಬುದು ಸಾಮಾನ್ಯ ಸಲಹೆ. ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ ಈಗಾಗಲೇ ಏರಿದ್ದರೆ 15 ಗ್ರಾಮಿನೊಳಗೆ. ಬೆಳಿಗ್ಗೆ ಒಂದು ಲೋಟ ಹಾಲು, ದಿನಕ್ಕೆ ನಾಲ್ಕು ಸಲ ಗಟ್ಟಿ ಹಾಲಿನ ಚಹಾ, ರಾತ್ರಿ ಕೆನೆಮೊಸರು ಎಂದರೆ ಅಷ್ಟಕ್ಕೇ ಮಿತಿ ಮುಗಿಯಿತು. ಅನ್ನದ ಮೇಲಿನ ಚಮಚ ತುಪ್ಪ ಇನ್ನೂ ಬಂದೇ ಇಲ್ಲ, ಬಂದರೂ ಅದರ ಪಾಲು ಬರೀ 3 ಗ್ರಾಂ. ಹಾಲು ಕರೆದ ಗೌಳಿ ಆಗ ತಿಂದದ್ದಕ್ಕಿಂತ ಹೆಚ್ಚು ಹಾಲಿನ ಕೊಬ್ಬನ್ನು ಪೇಟೆಯ ಕಾರಕೂನ ಈಗ ತಿನ್ನುತ್ತಾನೆ, ತುಪ್ಪವನ್ನು ಮುಟ್ಟದೆಯೇ. ತುಪ್ಪ ಬಿಟ್ಟೆ ಎಂದು ಸಮಾಧಾನ ಪಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿಕೊಳ್ಳಬೇಕು.

ಎರಡನೆಯ ಹೇಳಿಕೆಯಲ್ಲಿ ಎರಡು ಗಂಟುಗಳಿವೆ. ಹಿಂದೆ ಎದೆಯ ರೋಗ ಇರಲಿಲ್ಲ ಎನ್ನುವುದು ಒಂದು. ಎದೆ ಹಿಡಿದುಕೊಂಡು ಗದ್ದೆಯಲ್ಲಿ ಕುಸಿದವನ ಸಾವಿಗೆ ಆಗ ಗಾಳಿ ಬಡಿಯಿತು, ಆಯುಷ್ಯ ತೀರಿತು ಎಂಬ ಹೆಸರಿತ್ತು; ಇಸಿಜಿ ಇರಲಿಲ್ಲ. 1951ರ ಹೊತ್ತಿಗೆ ಈ ದೇಶದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು ಸುಮಾರು 32 ವರ್ಷ. ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ: ಆ ಅಂಕಿ ಅಷ್ಟು ಕೆಳಗಿದ್ದದ್ದು ಹಸುಗೂಸುಗಳ ಸಾವಿನಿಂದ, ಬಾಲ್ಯ ದಾಟಿದವರು ಅರವತ್ತು ಎಪ್ಪತ್ತರವರೆಗೂ ಬದುಕುತ್ತಿದ್ದರು. ನಿಜ. ಆದರೆ ಮಲೇರಿಯಾ, ಕ್ಷಯ, ಹೆರಿಗೆ ಇವು ನಡುವಯಸ್ಸಿನವರನ್ನೂ ಬಿಡಲಿಲ್ಲ, ಕಾಳಿ ಕಣಿವೆಯ ಮಲೇರಿಯಾ ಅಂತೂ ಹೆಸರಾದದ್ದು. ಹೃದಯದ ನಾಳಗಳು ಕಟ್ಟಲು ದಶಕಗಳು ಬೇಕು. ಅಷ್ಟು ಕಾಲ ಉಳಿಯದವನಿಗೆ ಆ ರೋಗ ಕಾಣಿಸಿಕೊಳ್ಳುವ ಅವಕಾಶವೇ ಇಲ್ಲ. ಇನ್ನು ಎಂಬತ್ತು ದಾಟಿದ ಅಜ್ಜ ಜಗಲಿಯ ಮೇಲೆ ಕೂತು ಉದಾಹರಣೆಯಾಗುತ್ತಾನೆ. ಐವತ್ತಕ್ಕೇ ಹೋದ ಅವನ ತಮ್ಮನನ್ನು ಉದಾಹರಣೆಗೆ ಯಾರೂ ಕರೆಯುವುದಿಲ್ಲ.

ಎರಡನೆಯ ಗಂಟು ದುಡಿಮೆಯದು, ಮತ್ತು ಇದೇ ನಿಜಕ್ಕೂ ಗಟ್ಟಿ. ಮೈಮುರಿದು ದುಡಿಯುವವನಿಗೆ ಬೆಣ್ಣೆ ಏನೂ ಮಾಡುವುದಿಲ್ಲವೇ? ಇದನ್ನು ಪರೀಕ್ಷಿಸಲು ಬೇಕಾದ ಊರು ಫಿನ್ಲೆಂಡಿನ ಉತ್ತರ ಕರೇಲಿಯಾ. ಅದು ನಮ್ಮ ದಾಂಡೇಲಿ-ಜೋಯಿಡಾದಂತೆಯೇ ಗಡಿಯಂಚಿನ ಕಾಡುಸೀಮೆ, ಮರ ಕಡಿಯುವವರ ಮತ್ತು ಹಯನಿನವರ ನಾಡು. 1950ರ ದಶಕದ ಕೊನೆಗೆ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಏಳು ದೇಶಗಳ ನಡುವಯಸ್ಸಿನ ಗಂಡಸರನ್ನು ಹೋಲಿಸಲು ಹೊರಟಾಗ, ಹೃದಯರೋಗದ ಸಾವಿನಲ್ಲಿ ಎಲ್ಲರಿಗಿಂತ ಮುಂದೆ ಕಂಡವರು ಈ ಪೂರ್ವ ಫಿನ್ಲೆಂಡಿನವರು. ಕೈಗರಗಸದಿಂದ ದಿಮ್ಮಿ ಕೊಯ್ಯುತ್ತಿದ್ದ, ಹಿಮದಲ್ಲಿ ಮೈಲಿಗಟ್ಟಲೆ ಹೋಗುತ್ತಿದ್ದ, ಬೊಜ್ಜಿನ ಸುಳಿವಿಲ್ಲದ ಗಂಡಸರು. ರೊಟ್ಟಿಗೆ ದಪ್ಪ ಬೆಣ್ಣೆ, ಊಟಕ್ಕೆ ಕೆನೆಹಾಲು, ಜೊತೆಗೆ ಸಿಗರೇಟು. 1972ರಲ್ಲಿ ಆ ಜಿಲ್ಲೆಯ ಗಂಡಸರ ಸರಾಸರಿ ಕೊಲೆಸ್ಟ್ರಾಲ್ 267ರ ಆಸುಪಾಸು. ದುಡಿಮೆ ಬೆಣ್ಣೆಯನ್ನು ಸುಟ್ಟು ಶಕ್ತಿಯಾಗಿಸಿತು, ಮೈ ಸೊರಗಿಸಿತು, ಆದರೆ ನಾಳಗಳನ್ನು ಕಾಯಲಿಲ್ಲ. ಏಕೆಂದರೆ ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದೆಳೆದುಕೊಳ್ಳುವ ಕೆಲಸ ಸ್ನಾಯುವಿನದಲ್ಲ, ಪಿತ್ತಜನಕಾಂಗದ್ದು. ಅಲ್ಲಿನ ಜೀವಕೋಶಗಳ ಮೇಲೆ ಆ ಕಣಗಳನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಗಟ್ಟಿ ಕೊಬ್ಬು ಹೆಚ್ಚಾದಷ್ಟೂ ಅವು ಕಡಿಮೆಯಾಗುತ್ತವೆ, ರಕ್ತದಲ್ಲಿ ಎಲ್‌ಡಿಎಲ್ ಉಳಿದುಬಿಡುತ್ತದೆ. ಬೆವರಿಗೂ ಆ ಗ್ರಾಹಕಗಳಿಗೂ ನಂಟು ಬಹಳ ತೆಳು.

ಇದಕ್ಕೆ ಎದುರು ಸಾಕ್ಷಿಯಾಗಿ ಆಫ್ರಿಕಾದ ಮಸಾಯಿಗಳನ್ನು ತರುತ್ತಾರೆ: ಹಾಲು, ಮಾಂಸದ ಮೇಲೆ ಬದುಕುವ ದನಗಾಹಿಗಳು, ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಹೃದಯಾಘಾತ ಅಪರೂಪ. ನಮ್ಮ ಗೌಳಿಗಳ ಕಥೆಗೆ ಹತ್ತಿರವಾದ ಸಾಕ್ಷಿ, ಹಾಗಾಗಿ ಮುಖ್ಯ. ಆದರೆ 1972ರಲ್ಲಿ ಜಾರ್ಜ್ ಮ್ಯಾನ್ ಮತ್ತು ಸಂಗಡಿಗರು ಐವತ್ತು ಮಸಾಯಿಗಳ ಹೃದಯ, ಮಹಾಪಧಮನಿಗಳನ್ನು ಶವಪರೀಕ್ಷೆಯಲ್ಲಿ ನೋಡಿದಾಗ ಕೊಬ್ಬಿನ ಪದರಗಳು ಸಾಕಷ್ಟು ಇದ್ದವು. ಅವರನ್ನು ಉಳಿಸಿದ್ದು ವಯಸ್ಸಾದಂತೆ ಅಗಲವಾಗಿದ್ದ ನಾಳಗಳು, ಜೀವಮಾನದ ನಡಿಗೆಯ ಫಲ ಎಂದು ಮ್ಯಾನ್ ಊಹಿಸಿದರು. ಅಂದರೆ ನಡಿಗೆಗೆ ತನ್ನದೇ ಕಾಣಿಕೆ ಇದೆ, ಮತ್ತು ಅದನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಆ ಕಾಣಿಕೆ ಕೊಬ್ಬು ಕರಗಿಸುವುದಲ್ಲ. ಇನ್ನೊಂದು ಜನ ದಕ್ಷಿಣ ಅಮೆರಿಕದ ಬೊಲಿವಿಯಾದ ಚಿಮಾನೆಗಳು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ 705 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ 85 ಜನರ ಹೃದಯನಾಳಗಳಲ್ಲಿ ಸುಣ್ಣದ ಕಲೆಯೇ ಇರಲಿಲ್ಲ. ಎಲ್‌ಡಿಎಲ್ ಸರಾಸರಿ 91. ಗಂಡಸರು ದಿನಕ್ಕೆ ಆರೇಳು ಗಂಟೆ ಮೈ ಆಡಿಸುತ್ತಾರೆ. ಊಟ? ಅಕ್ಕಿ, ಬಾಳೆ, ಮರಗೆಣಸು, ಮೀನು. ಕೊಬ್ಬು ನೂರಕ್ಕೆ ಹದಿನಾಲ್ಕು ಪಾಲು ಮಾತ್ರ. ಕುಣಬಿಯ ಹಳೆಯ ತಟ್ಟೆ ಇದಕ್ಕೆ ಎಷ್ಟು ಹತ್ತಿರ ಎಂಬುದನ್ನು ಗಮನಿಸಿ. ಹಳೆಯ ಊಟ ಕಾಪಾಡಿದ್ದು ಹೌದಾದರೆ, ಕಾಪಾಡಿದ್ದು ಅದರಲ್ಲಿ ಇಲ್ಲದ ತುಪ್ಪ.

ಮೂರನೆಯ ಹೇಳಿಕೆ ಕೈಯಲ್ಲಿರುವ ಚೀಟಿಗೆ ಸಂಬಂಧಿಸಿದ್ದು. ‘ಕೊಲೆಸ್ಟ್ರಾಲ್ ಜಾಸ್ತಿ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ತೊಂದರೆಗಳು ಅಡಗಿರುತ್ತವೆ. ಎರಡು ಚೀಟಿಗಳನ್ನು ಎದುರಿಗಿಡೋಣ, ಎರಡರಲ್ಲೂ ಒಟ್ಟು ಕೊಲೆಸ್ಟ್ರಾಲ್ 220. ಮೊದಲನೆಯದರಲ್ಲಿ ‘ಒಳ್ಳೆಯ’ ಕೊಲೆಸ್ಟ್ರಾಲ್ ಎನಿಸಿಕೊಂಡ ಎಚ್‌ಡಿಎಲ್ 50, ರಕ್ತದಲ್ಲಿ ಹರಿಯುವ ಕೊಬ್ಬಾದ ಟ್ರೈಗ್ಲಿಸರೈಡ್ 100. ಎರಡನೆಯದರಲ್ಲಿ ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 340. ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ಸೂತ್ರದಂತೆ ಒಟ್ಟರಲ್ಲಿ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಕಳೆದರೆ ಎಲ್‌ಡಿಎಲ್ ಸಿಗುತ್ತದೆ: ಮೊದಲಿನವರಿಗೆ 150, ಎರಡನೆಯವರಿಗೆ 120. ಎರಡನೆಯವರು ತಮ್ಮ ಎಲ್‌ಡಿಎಲ್ ನೋಡಿ ನಿಟ್ಟುಸಿರು ಬಿಡುತ್ತಾರೆ. ಆದರೆ ಒಟ್ಟರಲ್ಲಿ ಎಚ್‌ಡಿಎಲ್ ಒಂದನ್ನೇ ಕಳೆದು ನೋಡಿ, ನಾಳಕ್ಕೆ ಹೊರೆಯಾಗುವ ಕಣಗಳ ಕೊಲೆಸ್ಟ್ರಾಲೆಲ್ಲ ಸೇರಿದ ಅಂಕಿ ಅದು: ಮೊದಲಿನವರದು 170, ಎರಡನೆಯವರದು 188. ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಈ ಎರಡನೆಯ ಚೀಟಿಯ ಜಾತಿಯೇ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐಸಿಎಂಆರ್‌ನ ಸಮೀಕ್ಷೆಯಲ್ಲಿ ಎಚ್‌ಡಿಎಲ್ ಕಡಿಮೆ ಇದ್ದವರು ನೂರಕ್ಕೆ 72, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಸುಮಾರು 30, ಎಲ್‌ಡಿಎಲ್ ಹೆಚ್ಚಿದ್ದವರು 12ರಷ್ಟು.

ಮದ್ದು ಬೇರೆಯಾಗುವುದು ಇಲ್ಲಿ. ಎರಡನೆಯ ಚೀಟಿಯವರಿಗೆ ಅಜ್ಜನ ಸಲಹೆಯ ಅರ್ಧ ಚೆನ್ನಾಗಿ ಹೊಂದುತ್ತದೆ: ನಡಿಗೆ, ದೇಹತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲಿನ ಇಳಿಕೆ, ಮದ್ಯ ಬಿಡುವುದು. ಅಷ್ಟು ತೂಕ ಇಳಿದರೆ ಟ್ರೈಗ್ಲಿಸರೈಡ್ ಐದನೇ ಒಂದು ಪಾಲಿನಷ್ಟು ಇಳಿಯುತ್ತದೆ. ಮೊದಲ ಚೀಟಿಯವರು ಅಷ್ಟೇ ನಡೆದರೆ ರಕ್ತದೊತ್ತಡ, ಸಕ್ಕರೆ, ಮನಸ್ಸು ಸುಧಾರಿಸಬಹುದು, ಎಲ್‌ಡಿಎಲ್ ಮಾತ್ರ ಹೆಚ್ಚು ಕದಲುವುದಿಲ್ಲ. ಅವರು ಬದಲಿಸಬೇಕಾದ್ದು ಕೊಬ್ಬಿನ ಜಾತಿ ಮತ್ತು ನಾರಿನ ಪ್ರಮಾಣ. ಎರಡೂ ಕಡೆಯವರು ಮಾಡುವ ತಪ್ಪು ಒಂದೇ. ಮೊಟ್ಟೆ, ತುಪ್ಪ ಬಿಟ್ಟು ಹಸಿವಿಗೆ ಇನ್ನೊಂದು ಸೌಟು ಅನ್ನ, ಚಹಾಕ್ಕೆ ಎರಡು ಖಾರಿ ಹೆಚ್ಚಿಸುತ್ತಾರೆ. ಕೊಬ್ಬಿನ ಜಾಗಕ್ಕೆ ಬಿಳಿ ಅನ್ನ, ಮೈದಾ, ಸಕ್ಕರೆ ಬಂದರೆ ಎಲ್‌ಡಿಎಲ್ ತುಸು ಇಳಿಯುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಕುಸಿಯುತ್ತದೆ, ಹೃದಯಕ್ಕೆ ಲಾಭವಿಲ್ಲ. ಹಳಿಯಾಳದ ಕಬ್ಬಿನ ಬೆಲ್ಲ ಸಕ್ಕರೆಗಿಂತ ಮೇಲೆಂದು ತಿಳಿದವರಿಗೂ ಇದೇ ಮಾತು: ಪಿತ್ತಜನಕಾಂಗ ಅವೆರಡರ ನಡುವೆ ಹೆಚ್ಚು ಭೇದ ಎಣಿಸುವುದಿಲ್ಲ. ಇನ್ನು ಬಿಟ್ಟ ಮೊಟ್ಟೆ, ಹೆಚ್ಚಿಸಿದ ಖಾರಿಯ ಮಾತು. ಒಂದು ಮೊಟ್ಟೆಯಲ್ಲಿ 186 ಮಿ.ಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಗಟ್ಟಿ ಕೊಬ್ಬು ಒಂದೂವರೆ ಗ್ರಾಂ. ರಕ್ತದ ಕೊಲೆಸ್ಟ್ರಾಲಿನ ಬಹುಪಾಲನ್ನು ದೇಹ ತಾನೇ ತಯಾರಿಸುವುದರಿಂದ ಬಹಳಷ್ಟು ಜನರಲ್ಲಿ ಮೊಟ್ಟೆಯ ಪರಿಣಾಮ ಸಾಧಾರಣ. ಬೇಕರಿಯ ವನಸ್ಪತಿ, ಪಾಮೆಣ್ಣೆಯಲ್ಲಿ ಕೊಲೆಸ್ಟ್ರಾಲ್ ಸೊನ್ನೆ, ಪಾಮೆಣ್ಣೆಯ ಅರ್ಧದಷ್ಟು ಗಟ್ಟಿ ಕೊಬ್ಬು. ಗಿಡಮರಗಳ ಯಾವ ಎಣ್ಣೆಯಲ್ಲೂ ಹೇಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಪೊಟ್ಟಣದ ಮೇಲಿನ ‘ಕೊಲೆಸ್ಟ್ರಾಲ್ ಮುಕ್ತ’ ಎಂಬ ಮಾತು ಆ ಎಣ್ಣೆಯ ಒಳ್ಳೆಯತನದ ಬಗ್ಗೆ ಏನನ್ನೂ ಹೇಳುವುದಿಲ್ಲ. ತೆಂಗಿನೆಣ್ಣೆಯ ವಿಷಯದಲ್ಲಿ ಕರಾವಳಿಯ ನೆಂಟರು ಕೋಪಿಸಿಕೊಳ್ಳುತ್ತಾರೆ, ಆದರೂ ಹೇಳಬೇಕು: 2020ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೇರೆ ಸಸ್ಯಜನ್ಯ ತೆಳು ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಅನ್ನು ಸುಮಾರು 10 ಅಂಕದಷ್ಟು ಏರಿಸಿತ್ತು. ಶೇಂಗಾ, ಕುಸುಬೆ ಎಣ್ಣೆ ಈ ಸೀಮೆಗೆ ಧಾರವಾಡದ ಬಯಲಿನಿಂದ ಯಾವತ್ತೂ ಬಂದಿವೆ. ಅಡುಗೆಗೆ ಅವು ಸಾಕು.

ಹಾಗಾದರೆ ಹಳೆಯ ಊಟದಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ? ಬಹಳ ಇದೆ, ಮತ್ತು ತುಪ್ಪದ ಗದ್ದಲದಲ್ಲಿ ಅದರ ಹೆಸರೇ ಬರುವುದಿಲ್ಲ. ಜೋಯಿಡಾದ ಮುಡ್ಲಿ ಗಡ್ಡೆಯನ್ನು ನೋಡಿ: ಮೊಣಕೈ ಗಾತ್ರದ, ಮಣ್ಣು ಮೆತ್ತಿದ, ಒರಟು ನಾರಿನ ಸಿಪ್ಪೆಯ ಕೆಸುವಿನ ಜಾತಿ. ಬೇಯಿಸಿದ ಕೆಸುವಿನ ಗಡ್ಡೆ 100 ಗ್ರಾಮಿನಲ್ಲಿ ನಾರು ಸುಮಾರು 5 ಗ್ರಾಂ. ಅಷ್ಟೇ ಬಿಳಿ ಅನ್ನದಲ್ಲಿ ಅರ್ಧ ಗ್ರಾಮೂ ಇಲ್ಲ. ಒರಳಲ್ಲಿ ಕುಟ್ಟಿದ ಕೆಂಪಕ್ಕಿಯ ತೌಡು ಗಿರಣಿಯಲ್ಲಿ ಹೋಯಿತು. 2013ರಲ್ಲಿ ಬಂದ ಅನ್ನಭಾಗ್ಯ ಹಸಿದ ಮನೆಗಳಿಗೆ ಅನ್ನ ಕೊಟ್ಟಿತು, ಅದನ್ನು ಹಳಿಯುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಅಕ್ಕಿ ಸುಲಭವಾದಂತೆ ಗಡ್ಡೆಯೂ ರಾಗಿಯೂ ತಟ್ಟೆಯ ಅಂಚಿಗೆ ಸರಿದದ್ದು ನಿಜ. ನಾರಿನಲ್ಲೂ ಕರಗುವ ಜಾತಿಯದಕ್ಕೆ ವಿಶೇಷ ಕೆಲಸವಿದೆ. ಕರುಳಿನಲ್ಲಿ ಅದು ಲೋಳೆಯಾಗಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಪಿತ್ತಜನಕಾಂಗ ರಕ್ತದ ಎಲ್‌ಡಿಎಲ್‌ಗೆ ಕೈ ಹಾಕಬೇಕಾಗುತ್ತದೆ. ಹುರುಳಿ, ಮಡಕಿ, ಅಲಸಂದೆ, ಬೆಂಡೆ, ಅಗಸಿ ಚಟ್ನಿ, ಇಸಬಗೋಲು ಇವೆಲ್ಲ ಆ ಸಾಲಿನವು. ದಿನಕ್ಕೆ 5ರಿಂದ 10 ಗ್ರಾಂ ಇಂಥ ನಾರಿನಿಂದ ಎಲ್‌ಡಿಎಲ್ ನೂರಕ್ಕೆ ಐದರಷ್ಟು ಇಳಿಯುತ್ತದೆ. ಒಂದೊಂದೂ ಸಣ್ಣದೇ, ಕೂಡಿಸಿದರೆ ದೊಡ್ಡದು. ಟೊರಾಂಟೋದ ಡೇವಿಡ್ ಜೆಂಕಿನ್ಸ್ 2003ರಲ್ಲಿ ಕರಗುವ ನಾರು, ಸೋಯಾ, ಬಾದಾಮಿ, ಸಸ್ಯ ಸ್ಟೆರಾಲ್‌ಗಳನ್ನು ಒಂದೇ ಊಟದಲ್ಲಿ ಸೇರಿಸಿ, ಊಟವನ್ನು ತಾವೇ ಒದಗಿಸಿ ನೋಡಿದಾಗ ನಾಲ್ಕು ವಾರದಲ್ಲಿ ಎಲ್‌ಡಿಎಲ್ ನೂರಕ್ಕೆ 28ರಷ್ಟು ಇಳಿಯಿತು. 2011ರಲ್ಲಿ ಅದನ್ನೇ ಜನರಿಗೆ ಹೇಳಿಕೊಟ್ಟು ಮನೆಗೆ ಕಳಿಸಿದಾಗ ಆರು ತಿಂಗಳಿಗೆ ಇಳಿದದ್ದು 13ರಷ್ಟು. ಊಟದ ಶಕ್ತಿ ಎಷ್ಟು, ಮನುಷ್ಯ ಅದನ್ನು ಪಾಲಿಸುವುದು ಎಷ್ಟು ಎಂಬ ಎರಡೂ ಅಳತೆ ಇಲ್ಲಿವೆ. ಒಂದು ಎಚ್ಚರಿಕೆಯನ್ನೂ ಸೇರಿಸಬೇಕು: ಗಡ್ಡೆಯೂ ಪಿಷ್ಟವೇ. ಅದು ಅನ್ನದ ಬದಲಿಗೆ ಬರಬೇಕು. ಅನ್ನದ ಪಕ್ಕದಲ್ಲಿ ಎಣ್ಣೆಯಲ್ಲಿ ಕರಿದು ಬಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಗುಳಿಗೆಯನ್ನು ಸೋಲೆಂದು ತಿಳಿಯುವವರಿಗೆ ಈ 13ರ ಅಂಕಿಯೇ ಉತ್ತರ. ಎಲ್‌ಡಿಎಲ್ 150 ಇದ್ದವರಿಗೆ ಊಟ 130ರ ತನಕ ಇಳಿಸಿಕೊಡಬಹುದು. 220 ಇದ್ದವರನ್ನು ಅದು ದಡ ಮುಟ್ಟಿಸುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಎಲ್‌ಡಿಎಲ್ ಗ್ರಾಹಕದ ಕೆಲಸ ಹುಟ್ಟಿನಿಂದಲೇ ಕುಂಠಿತವಾಗಿರುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರ ನೊಬೆಲ್ ಬಂತು. ಅಂಥ ಮನೆತನದ ಮೂವತ್ತೈದರ ಹುಡುಗನಿಗೆ ಊಟ ಕೆಟ್ಟಿತು, ನಡೆಯಲಿಲ್ಲ ಎಂದು ಗದರುವುದು ಕ್ರೌರ್ಯ. ಅವನಿಗೆ ಬೇಕಾದದ್ದು ಔಷಧಿ, ಅವನ ಅಣ್ಣತಮ್ಮಂದಿರಿಗೆ ಬೇಕಾದದ್ದು ರಕ್ತಪರೀಕ್ಷೆ. ಒಮ್ಮೆ ಹೃದಯಾಘಾತವಾದವರು ಬೆಳ್ಳುಳ್ಳಿ ನುಂಗುತ್ತೇನೆಂದು ಗುಳಿಗೆ ಬಿಡುವುದು ಇನ್ನೂ ಅಪಾಯ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೆಳ್ಳುಳ್ಳಿ, ದಾಲ್ಚಿನ್ನಿ, ಅರಿಸಿನ, ಮೀನೆಣ್ಣೆ ಮುಂತಾದವನ್ನು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯ ಕಡಿಮೆ ಪ್ರಮಾಣದ ಜೊತೆ ಹೋಲಿಸಿದರು. ಸ್ಟ್ಯಾಟಿನ್ ತೆಗೆದುಕೊಂಡವರ ಎಲ್‌ಡಿಎಲ್ ನಾಲ್ಕು ವಾರದಲ್ಲಿ ನೂರಕ್ಕೆ 38ರಷ್ಟು ಇಳಿಯಿತು. ಉಳಿದವು ಬರಿಯ ತೋರಿಕೆಯ ಗುಳಿಗೆಗಿಂತ ಮೇಲೆನಿಸಲಿಲ್ಲ.

ಕೊನೆಯದಾಗಿ ಒಂದು ಆಕ್ಷೇಪ, ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು: ಕೆನೆಹಾಲು, ತುಪ್ಪಕ್ಕೆ ಗಿರಾಕಿ ಕಡಿಮೆಯಾದರೆ ಗೌಳಿ ಬದುಕುವುದು ಹೇಗೆ? ಉತ್ತರ ಕರೇಲಿಯಾ ಇದೇ ಪ್ರಶ್ನೆಯನ್ನು ಎದುರಿಸಿತು. ಜನರೇ ಸರ್ಕಾರಕ್ಕೆ ಮನವಿ ಕೊಟ್ಟು 1972ರಲ್ಲಿ ಅಲ್ಲಿ ಯೋಜನೆ ಆರಂಭವಾದಾಗ ಅದರ ಹೊಣೆ ಹೊತ್ತವರು ಪೆಕ್ಕ ಪುಸ್ಕ ಎಂಬ ಎಳೆಯ ವೈದ್ಯರು. ಅವರು ಚೀಟಿ ಹಿಡಿದು ಒಬ್ಬೊಬ್ಬರಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಹೆಂಗಸರ ಸಂಘಗಳ ಜೊತೆ ಊರೂರಿನಲ್ಲಿ ಅಡುಗೆ ಮಾಡಿ ಉಣ್ಣಿಸಿದರು, ಹಾಲಿನ ಕಾರ್ಖಾನೆಗಳ ಜೊತೆ ಕೂತು ಕೊಬ್ಬು ಕಡಿಮೆಯಾದ ಹಾಲನ್ನು ಅಂಗಡಿಗೆ ತರಿಸಿದರು, ಹಯನಿನ ರೈತರು ಆ ಚಳಿಯಲ್ಲೂ ಬೆಳೆಯುವ ಬೆರ್ರಿ ಹಣ್ಣಿನ ಬೇಸಾಯಕ್ಕೆ ತಿರುಗಲು ನೆರವು ಕೊಡಿಸಿದರು. ಸುಮಾರು ಮೂವತ್ತೈದು ವರ್ಷದಲ್ಲಿ ಗಂಡಸರ ಸರಾಸರಿ ಕೊಲೆಸ್ಟ್ರಾಲ್ 267ರಿಂದ 210ರ ಹತ್ತಿರಕ್ಕೆ ಬಂತು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯನಾಳದ ಸಾವು ನೂರಕ್ಕೆ 80ಕ್ಕೂ ಹೆಚ್ಚು ಇಳಿಯಿತು. ತಂಬಾಕು, ರಕ್ತದೊತ್ತಡ ಇಳಿದದ್ದರ ಪಾಲೂ ಅದರಲ್ಲಿದೆ, ಆದರೆ ದೊಡ್ಡ ಪಾಲು ತಟ್ಟೆಯದೇ. ನಮ್ಮ ಕಡೆ ಆ ಬೆರ್ರಿಯ ಜಾಗದಲ್ಲಿ ನಿಲ್ಲಬಲ್ಲ ಬೆಳೆ ಈಗಾಗಲೇ ಇದೆ. ಜೋಯಿಡಾದಲ್ಲಿ ಗಡ್ಡೆಗೆಣಸಿನ ಮೇಳ ನಡೆದಾಗ ಕುಣಬಿ ಹೆಂಗಸರು ಹತ್ತಾರು ಬಗೆಯ ಗಡ್ಡೆಗಳನ್ನು ಸಾಲಾಗಿ ಹರವಿ ಕೂರುತ್ತಾರೆ, ಜನ ಮುಗಿಬಿದ್ದು ಕೊಳ್ಳುತ್ತಾರೆ. ದಾಂಡೇಲಿಯ ಕಾಗದ ಕಾರ್ಖಾನೆಯ ಪಾಳಿ ಮುಗಿಸಿ ಬರುವವನ ಕೈಚೀಲಕ್ಕೆ, ಮುಂಡಗೋಡದ ಶಾಲೆಯ ಬಿಸಿಯೂಟದ ಪಾತ್ರೆಗೆ ಆ ಗಡ್ಡೆ ಸುಗ್ಗಿಯ ತಿಂಗಳುಗಳುದ್ದಕ್ಕೂ ಬರುವಂತೆ ಮಾಡುವುದು, ಅದರ ಪಕ್ಕದಲ್ಲೇ ಗೌಳಿಯ ಮಜ್ಜಿಗೆಗೂ ತುಪ್ಪಕ್ಕೆ ಸಿಗುವಂಥ ಬೆಲೆ ಸಿಗುವಂತೆ ಮಾಡುವುದು ತಾಲೂಕು ಪಂಚಾಯಿತಿಗಳ ಕೈಮೀರಿದ ಕೆಲಸವೇನಲ್ಲ.